ನಿಂತ ನೀರಿನ ಈಜು, ಹರಿಯುವ ನೀರಿನ ಪರೀಕ್ಷೆ: ಮುಳುಗುತಜ್ಞರಿಗೆ ಪ್ರತ್ಯೇಕ ತರಬೇತಿ ಬೇಡವೇ?

ಚಿತ್ರದುರ್ಗ: ಬರಗಾಲದ ಜಿಲ್ಲೆಯೆಂದೇ ಹೆಸರಾದ ಚಿತ್ರದುರ್ಗದಲ್ಲಿ ಕುಳಿತು ಹರಿಯುವ ನೀರಿನ ಅಪಾಯದ ಬಗ್ಗೆ ಚರ್ಚಿಸುವುದು ಹಲವರಿಗೆ ವಿಚಿತ್ರವಾಗಿ ಕಾಣಬಹುದು. ಇಲ್ಲಿನ ಜನ ದಶಕಗಳ ಕಾಲ ಚಿಂತಿಸಿದ್ದು ನೀರು ಬಾರದಿರುವುದನ್ನು ಕುರಿತೇ ಹೊರತು ನೀರು ಬಂದರೇನು ಗತಿ ಎಂಬುದನ್ನು ಕುರಿತಲ್ಲ. ಆದರೆ ಕಾಲ ಬದಲಾಗಿದೆ. ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿ ನದಿಗೆ ಅಡ್ಡಲಾಗಿ 1898ರಲ್ಲಿ ಆರಂಭವಾಗಿ 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರ 1933ರಲ್ಲಿ ಒಮ್ಮೆ ಕೋಡಿ ಬಿದ್ದಿತ್ತು. ಮತ್ತೆ ಆ ದೃಶ್ಯವನ್ನು ಕಾಣಲು ಜಿಲ್ಲೆ 89 ವರ್ಷ ಕಾಯಬೇಕಾಯಿತು. 2022ರ ಸೆಪ್ಟೆಂಬರಿನಲ್ಲಿ ಎರಡನೆಯ ಬಾರಿ ಕೋಡಿ ಬಿದ್ದ ಜಲಾಶಯ, ಮೂರನೆಯ ಬಾರಿಗೆ ಅಷ್ಟು ಕಾಯಿಸಲಿಲ್ಲ. 2025ರ ಜನವರಿಯಲ್ಲಿಯೇ ನೀರಿನ ಮಟ್ಟ ಮತ್ತೆ 130 ಅಡಿ ಮುಟ್ಟಿ ಕೋಡಿ ಹರಿಯಿತು.

ಈ ಸಂಭ್ರಮದ ನಡುವೆ ಯಾರ ಗಮನಕ್ಕೂ ಅಷ್ಟಾಗಿ ಬಾರದ ಸಂಗತಿಯೊಂದಿದೆ. 1933ರಿಂದ 2022ರವರೆಗೆ ಮೂರು ತಲೆಮಾರುಗಳು ಈ ನೆಲದಲ್ಲಿ ಬೆಳೆದವು. ಅವರು ಈಜು ಕಲಿತದ್ದು ತೋಟದ ಬಾವಿಯಲ್ಲಿ, ಊರ ಕೆರೆಯಲ್ಲಿ, ಹೊಂಡಗಳಲ್ಲಿ. ಇವೆಲ್ಲವೂ ನಿಂತ ನೀರು. ಬಾವಿಯೊಳಕ್ಕೆ ದಡಾರನೆ ಧುಮುಕಿ ತಳದ ಕೆಸರನ್ನು ಮುಷ್ಟಿಯಲ್ಲಿ ಹಿಡಿದು ಮೇಲೆ ಬರಬಲ್ಲ ಈಜುಗಾರರು ಪ್ರತಿ ಹಳ್ಳಿಯಲ್ಲಿಯೂ ಇದ್ದಾರೆ. ಯಾರಾದರೂ ನೀರಿಗೆ ಬಿದ್ದರೆ ಮೊದಲು ಕರೆ ಹೋಗುವುದು ಅವರಿಗೇ. ಅಗ್ನಿಶಾಮಕ ದಳದ ವಾಹನ ಬರುವಷ್ಟರಲ್ಲಿ ಅವರು ನೀರಿನೊಳಗೆ ಇರುತ್ತಾರೆ. ನಿಂತ ನೀರಿನಲ್ಲಿ ಪಳಗಿದ ಈ ಕೈಗಳು ಕೋಡಿಯ ಕೆಳಗಿನ ಸೆಳವಿಗೆ, ಕಾಲುವೆಯ ರಭಸಕ್ಕೆ ಸಾಕಾಗುತ್ತವೆಯೇ? ಆಮ್ಲಜನಕವೆಂದು ಜನ ಕರೆಯುವ, ವಾಸ್ತವದಲ್ಲಿ ಒತ್ತಿದ ಗಾಳಿ ತುಂಬಿದ ಸಿಲಿಂಡರನ್ನು ಬೆನ್ನಿಗೆ ಕಟ್ಟಿಕೊಂಡ ಸ್ಕೂಬಾ ಮುಳುಗುತಜ್ಞನಿಗಾದರೂ ಹರಿಯುವ ನೀರಿಗೆ ಪ್ರತ್ಯೇಕ ತರಬೇತಿ ಬೇಕೇ, ಬೇಡವೇ? ಇದು ಕೇವಲ ಕಡಲತೀರದ ಪ್ರವಾಸಿಗರ ಪ್ರಶ್ನೆಯಾಗಿ ಈಗ ಉಳಿದಿಲ್ಲ.

ಕಡಲಿನಲ್ಲಿ ನಡೆಯುತ್ತಿರುವ ಚರ್ಚೆ

ಮೊದಲು ಪ್ರಶ್ನೆ ಹುಟ್ಟಿದ ಜಾಗವನ್ನೇ ನೋಡೋಣ. ಸ್ಕೂಬಾ ಕ್ರೀಡೆಯಲ್ಲಿ ಡ್ರಿಫ್ಟ್ ಡೈವಿಂಗ್ ಎಂಬ ಒಂದು ಪ್ರಕಾರವಿದೆ. ಸಮುದ್ರದ ಸೆಳವಿಗೆ ಎದುರಾಗಿ ಈಜದೆ, ಅದರ ಜೊತೆಯಲ್ಲಿಯೇ ತೇಲುತ್ತ ಸಾಗುವುದು ಇದರ ತಿರುಳು. ಇಳಿದ ಜಾಗಕ್ಕೆ ಮರಳಿ ಬರುವ ಪ್ರಶ್ನೆಯೇ ಇಲ್ಲ. ಮೇಲೆ ದೋಣಿ ಹಿಂಬಾಲಿಸುತ್ತದೆ, ಮುಳುಗಿದವರು ಎಲ್ಲಿ ಏಳುತ್ತಾರೋ ಅಲ್ಲಿಂದ ಅವರನ್ನು ಎತ್ತಿಕೊಳ್ಳುತ್ತದೆ. ಬಲ್ಲವರ ಪಾಲಿಗೆ ಇದು ಶ್ರಮವಿಲ್ಲದ ಸುಖ. ಮೆಕ್ಸಿಕೋದ ಕೊಜುಮೆಲ್, ಇಂಡೋನೇಷ್ಯಾದ ಕೊಮೊಡೊ, ಪೆಸಿಫಿಕ್ ಸಾಗರದ ಪಲಾವ್ ಇದಕ್ಕೆ ಪ್ರಸಿದ್ಧವಾದ ತಾಣಗಳು. ನಮ್ಮವರಿಗೆ ಹತ್ತಿರದ ಮಾಲ್ಡೀವ್ಸ್‌ನಲ್ಲಿ ಹವಳದ ದ್ವೀಪಗಳ ನಡುವಿನ ಕಾಲುವೆಗಳಲ್ಲಿ ಇದೇ ಬಗೆಯ ಮುಳುಗು ನಡೆಯುತ್ತದೆ.

ಸ್ಕೂಬಾ ಕಲಿಸುವ ಜಾಗತಿಕ ಸಂಸ್ಥೆಗಳಲ್ಲಿ ದೊಡ್ಡದಾದ ಪಾಡಿ, ಡ್ರಿಫ್ಟ್ ಡೈವಿಂಗ್‌ಗೆಂದೇ ಪ್ರತ್ಯೇಕ ಶಿಕ್ಷಣ ಇಟ್ಟಿದೆ. ಮೊದಲ ಹಂತದ ಪ್ರಮಾಣಪತ್ರ ಪಡೆದವರು, 12 ವರ್ಷ ತುಂಬಿದವರು ಇದಕ್ಕೆ ಸೇರಬಹುದು. ಎರಡು ಬಾರಿ ತೆರೆದ ನೀರಿನಲ್ಲಿ ಮುಳುಗಿ ಕಲಿಯಬೇಕಾಗುತ್ತದೆ. ನೀರಿನ ಮೇಲೆ ತೇಲುವ ಗುರುತಿನ ಬುರುಡೆಯನ್ನು ದಾರದ ಸುರುಳಿಯಿಂದ ಬಿಡುವುದು, ಇಡೀ ತಂಡ ಒಮ್ಮೆಲೇ ನೀರಿಗಿಳಿಯುವುದು, ಜೊತೆಗಾರನಿಂದ ಬೇರ್ಪಡದಿರುವುದು, ಬೇರ್ಪಟ್ಟರೆ ಏನು ಮಾಡಬೇಕೆಂಬುದು, ಸೆಳವಿನಲ್ಲಿಯೇ ದೇಹದ ತೇಲುಭಾರವನ್ನು ಕಾಯ್ದುಕೊಳ್ಳುವುದು ಇದರ ಪಾಠಗಳು.

ಇಷ್ಟಕ್ಕೆ ಪ್ರತ್ಯೇಕ ಶುಲ್ಕ, ಪ್ರತ್ಯೇಕ ಕಾರ್ಡು ಬೇಕೇ ಎಂದು ಕೇಳುವವರಿದ್ದಾರೆ. ಅವರ ವಾದದಲ್ಲಿ ಹುರುಳಿಲ್ಲದಿಲ್ಲ. ಕೊಜುಮೆಲ್‌ನಂಥ ತಾಣದಲ್ಲಿ ನಡೆಯುವ ಮುಳುಗುಗಳು ಬಹುಪಾಲು ಸೆಳವಿನವೇ. ಅಲ್ಲಿ ಮೊದಲ ಹಂತ ಮುಗಿಸಿದವರೂ ಅನುಭವಿ ಮಾರ್ಗದರ್ಶಿಯ ಬೆನ್ನುಹಿಡಿದು ನಿರಾತಂಕವಾಗಿ ಸಾಗುತ್ತಾರೆ. ಮಂದ ಸೆಳವು, ತಿಳಿ ನೀರು, ಪಳಗಿದ ದೋಣಿಯವರು, ಇಳಿಯುವ ಮುನ್ನ ಸರಿಯಾದ ವಿವರಣೆ ಇದ್ದರೆ ಕಾರ್ಡಿಗಿಂತ ಮಾರ್ಗದರ್ಶಿಯೇ ಮುಖ್ಯ. ತರಬೇತಿ ಸಂಸ್ಥೆಗಳಿಗೆ ಪ್ರತಿಯೊಂದು ಹೊಸ ಶಿಕ್ಷಣವೂ ವ್ಯಾಪಾರವೇ ಆಗಿದೆ ಎಂಬ ಆರೋಪವನ್ನು ಸಾರಾಸಗಟಾಗಿ ತಳ್ಳಿಹಾಕಲಾಗದು.

ಆದರೆ ಈ ವಾದದೊಳಗೇ ಅದರ ಮಿತಿಯೂ ಅಡಗಿದೆ. ಮಾರ್ಗದರ್ಶಿ ಕಣ್ಣಿಗೆ ಕಾಣುವವರೆಗೆ ಮಾತ್ರ ಅವನ ಅನುಭವ ಶಿಷ್ಯನಿಗೆ ದಕ್ಕುತ್ತದೆ. ಸೆಳವು ದಿಕ್ಕು ಬದಲಿಸಿ ಕೆಳಮುಖವಾಗಿ ಎಳೆದಾಗ, ತಂಡದಿಂದ ಬೇರ್ಪಟ್ಟು ಅಲೆಗಳ ನಡುವೆ ಒಬ್ಬನೇ ಮೇಲೆದ್ದಾಗ, ದೋಣಿಗೆ ತಾನು ಕಾಣುತ್ತಿಲ್ಲವೆಂಬುದು ಅರಿವಾದಾಗ ನೆರವಿಗೆ ಬರುವುದು ಮೊದಲೇ ಮಾಡಿಕೊಂಡ ಅಭ್ಯಾಸ ಮಾತ್ರ. ಗುರುತಿನ ಬುರುಡೆಯನ್ನು ಜೀವನದಲ್ಲಿ ಮೊದಲ ಬಾರಿಗೆ ಬಿಡಿಸುವ ಸಂದರ್ಭ ಅದಾಗಬಾರದು. ಆದ್ದರಿಂದ ಕಾರ್ಡು ಬೇಕೋ ಬೇಡವೋ, ಕಲಿಕೆಯಂತೂ ಬೇಕೇ ಬೇಕು ಎಂಬಲ್ಲಿಗೆ ಈ ಚರ್ಚೆ ಬಂದು ನಿಲ್ಲುತ್ತದೆ. ನಮ್ಮ ರಾಜ್ಯದಲ್ಲಿ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಅನುಭವ ಪಡೆದು ಬರುವ ನಗರವಾಸಿಗಳ ಸಂಖ್ಯೆ ಗಮನಾರ್ಹವಾಗಿದೆ. ಬೋಧಕನ ಕೈಹಿಡಿದು ಕೆಲವೇ ನಿಮಿಷ ಮೀನು ನೋಡಿ ಬಂದುದನ್ನು ತರಬೇತಿಯೆಂದು ಭಾವಿಸಬಾರದೆಂಬ ಎಚ್ಚರ ಅವರಲ್ಲಿ ಇರಬೇಕು.

ನದಿಯಲ್ಲಿ ಪ್ರಶ್ನೆ ತಲೆಕೆಳಗು

ಕಡಲಿನ ಈ ಚರ್ಚೆಯನ್ನು ನದಿಗೆ ತಂದೊಡನೆ ಇಡೀ ಲೆಕ್ಕಾಚಾರ ತಲೆಕೆಳಗಾಗುತ್ತದೆ. ಕಡಲಿನಲ್ಲಿ ಮುಳುಗುವವನು ಸೆಳವಿಗೆ ತನ್ನನ್ನು ಒಪ್ಪಿಸಿಕೊಳ್ಳುತ್ತಾನೆ. ನದಿಯಲ್ಲಿ ಶೋಧಕ್ಕಿಳಿದವನಿಗೆ ಆ ಸ್ವಾತಂತ್ರ್ಯವಿಲ್ಲ. ಮುಳುಗಿದ ವಾಹನ ಇರುವುದು ಒಂದು ಜಾಗದಲ್ಲಿ, ಶವ ಸಿಕ್ಕಿಕೊಂಡಿರುವುದು ಒಂದು ಬಂಡೆಯ ಸಂದಿಯಲ್ಲಿ. ಅಲ್ಲಿಯೇ ಅವನು ನಿಲ್ಲಬೇಕು, ತಡಕಬೇಕು, ಕೊಕ್ಕೆ ಹಾಕಬೇಕು. ಇತ್ತ ನೀರು ಅವನನ್ನು ಕ್ಷಣಕ್ಷಣಕ್ಕೂ ತಳ್ಳುತ್ತಿರುತ್ತದೆ. ಮೇಲಿನಿಂದ ಹಗ್ಗ ಕಟ್ಟಿ ಇಳಿಸಿದರೆ ಆ ಹಗ್ಗವೇ ಉರುಳಾಗುವ ಅಪಾಯವಿದೆ. ಸೆಳವಿನಲ್ಲಿ ಬಿಗಿದ ಹಗ್ಗ ಮನುಷ್ಯನನ್ನು ಮೇಲಕ್ಕೆತ್ತುವ ಬದಲು ನೀರಿನಡಿಗೆ ಒತ್ತಿ ಹಿಡಿಯಬಲ್ಲದು. ತಕ್ಷಣ ಕಳಚಿಕೊಳ್ಳುವ ಕೊಂಡಿ ಇಲ್ಲದೆ ಸೊಂಟಕ್ಕೆ ಗಂಟು ಹಾಕಿ ಇಳಿಯುವುದು ಧೈರ್ಯವೆನಿಸಿದರೂ ವಿವೇಕವಲ್ಲ.

ಇದರ ಹಿಂದಿರುವ ಗಣಿತ ಸರಳವಾಗಿದೆ. ನೀರಿನ ವೇಗ ಎರಡು ಪಟ್ಟಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ವೇಗ ಮೂರು ಪಟ್ಟಾದರೆ ಬಲ ಒಂಬತ್ತು ಪಟ್ಟು. ಸೆಳವನ್ನು ಅಳೆಯುವ ನಾಟ್ ಎಂಬ ಮಾನ ಗಂಟೆಗೆ 1.85 ಕಿಲೋಮೀಟರಿಗೆ ಸಮ, ಎಂದರೆ ನಿಧಾನದ ನಡಿಗೆಗಿಂತಲೂ ಕಡಿಮೆ. ಹರಿವಿಗೆ ಅಡ್ಡಲಾಗಿ ನಿಂತ ಮನುಷ್ಯನ ದೇಹ ಅರ್ಧ ಚದರ ಮೀಟರಿನಷ್ಟು ನೀರನ್ನು ತಡೆಯುತ್ತದೆಂದು ಇಟ್ಟುಕೊಂಡರೆ, ಒಂದು ನಾಟ್ ವೇಗದಲ್ಲಿ ಅವನ ಮೇಲೆ ಬೀಳುವ ಬಲ ಸ್ಥೂಲವಾಗಿ ಆರೇಳು ಕಿಲೋ ಭಾರಕ್ಕೆ ಸಮ. ಎರಡು ನಾಟ್‌ಗೆ ಅದು 26 ಕಿಲೋ ದಾಟುತ್ತದೆ. ಐದು ನಾಟ್‌ಗೆ 160 ಕಿಲೋವನ್ನೂ ಮೀರುತ್ತದೆ. ಎಷ್ಟೇ ಬಲಿಷ್ಠನಾದ ಈಜುಗಾರನಾಗಲಿ ಈ ಭಾರದ ಎದುರು ನಿಲ್ಲಲಾರ.

ಅಮೆರಿಕದ ನೌಕಾಪಡೆಯ ಮುಳುಗು ಕೈಪಿಡಿ ಸ್ಕೂಬಾ ಉಪಕರಣ ತೊಟ್ಟು ಇಳಿಯುವವನಿಗೆ ಸಾಮಾನ್ಯ ಸಂದರ್ಭದಲ್ಲಿ ಒಂದು ನಾಟ್ ಸೆಳವನ್ನೇ ಮಿತಿಯಾಗಿಟ್ಟಿರುವುದು ಈ ಕಾರಣಕ್ಕಾಗಿ. ಅಲ್ಲಿನ ರಾಷ್ಟ್ರೀಯ ಅಗ್ನಿ ಸಂರಕ್ಷಣಾ ಸಂಘದ ಮಾನದಂಡಗಳಲ್ಲಿಯೂ ಒಂದು ನಾಟ್ ಮೀರಿ ಹರಿಯುವ ನೀರು ಬೇರೆಯೇ ವರ್ಗಕ್ಕೆ ಸೇರುತ್ತದೆ. ನಿಂತ ನೀರಿನ ರಕ್ಷಣೆ, ರಭಸದ ನೀರಿನ ರಕ್ಷಣೆ, ನೀರಿನಡಿಯ ಶೋಧ ಇವು ಅಲ್ಲಿ ಬೇರೆ ಬೇರೆ ವಿದ್ಯೆಗಳು. ಒಂದರಲ್ಲಿ ಪರಿಣತನಾದವನು ಇನ್ನೊಂದರಲ್ಲಿಯೂ ಪರಿಣತನೆಂದು ಆ ವ್ಯವಸ್ಥೆ ಭಾವಿಸುವುದಿಲ್ಲ. ನಮ್ಮಲ್ಲಿ ಮಾತ್ರ ನೀರಿಗಿಳಿಯಬಲ್ಲ ಎಲ್ಲರಿಗೂ ಮುಳುಗುತಜ್ಞ ಎಂಬ ಒಂದೇ ಬಿರುದು ಸಲ್ಲುತ್ತಿದೆ.

ಗಂಗಾವಳಿ ಕಲಿಸಿದ ಪಾಠ

ಈ ವ್ಯತ್ಯಾಸವನ್ನು ನಾಡಿನ ಜನ ಕಣ್ಣಾರೆ ಕಂಡದ್ದು 2024ರಲ್ಲಿ. ಆ ವರ್ಷದ ಜುಲೈ 16ರಂದು ಉತ್ತರ ಕನ್ನಡ ಜಿಲ್ಲೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು, ಮಣ್ಣು ಪಕ್ಕದ ಗಂಗಾವಳಿ ನದಿಯವರೆಗೂ ಜಾರಿತು. ಕೇರಳದ ಲಾರಿಯೊಂದು ಚಾಲಕನ ಸಹಿತ ನದಿಯ ಒಡಲು ಸೇರಿತ್ತು. ನೌಕಾಪಡೆಯ ಮುಳುಗುಗಾರರು ಬಂದರು, ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ ಬಂತು, ಸೇನೆ ಬಂತು. ಮಳೆಗಾಲದ ನದಿ ಐದು ನಾಟ್‌ಗೂ ಮಿಕ್ಕ ವೇಗದಲ್ಲಿ ಹರಿಯುತ್ತಿದೆಯೆಂದು ಆಗ ವರದಿಯಾಗಿತ್ತು. ಇಷ್ಟೆಲ್ಲ ಪರಿಣತಿ ದಡದಲ್ಲಿದ್ದರೂ ನೀರಿಗಿಳಿಯುವ ಸ್ಥಿತಿ ಇರಲಿಲ್ಲ.

ಆ ಸಂದರ್ಭದಲ್ಲಿ ಉಡುಪಿಯ ಮಲ್ಪೆಯಿಂದ ಬಂದ ಖ್ಯಾತ ಮುಳುಗುತಜ್ಞ ಈಶ್ವರ ಮಲ್ಪೆ ಹಗ್ಗ ಕಟ್ಟಿಕೊಂಡು ನದಿಗಿಳಿದರು. ಹಗ್ಗ ತುಂಡಾಗಿ ಅವರು ಸೆಳವಿನಲ್ಲಿ ಕೊಚ್ಚಿಹೋಗಿ, ಬಳಿಕ ರಕ್ಷಿಸಲ್ಪಟ್ಟ ಸುದ್ದಿ ಎಲ್ಲೆಡೆ ಪ್ರಸಾರವಾಯಿತು. ಅವರ ಧೈರ್ಯವನ್ನು ನಾಡು ಕೊಂಡಾಡಿತು, ಅದು ಸಹಜವೂ ಹೌದು. ಕರಾವಳಿಯಲ್ಲಿ ಹುಟ್ಟಿ ಬೆಳೆದು ನೀರಿನೊಡನೆ ದಶಕಗಳ ಒಡನಾಟವಿರುವ ಅಂಥವರನ್ನೇ ನದಿ ಹಾಗೆ ಎಳೆದೊಯ್ಯಬಹುದಾದರೆ, ಬಾವಿಯಲ್ಲಿ ಈಜು ಕಲಿತ ಹಳ್ಳಿಯ ಯುವಕನ ಪಾಡೇನು ಎಂಬ ಪ್ರಶ್ನೆಯನ್ನು ಅಂದು ಯಾರೂ ಕೇಳಲಿಲ್ಲ.

ಜುಲೈ ಅಂತ್ಯದಲ್ಲಿ ಕಾರ್ಯಾಚರಣೆಯನ್ನು ನಿಲ್ಲಿಸಲಾಯಿತು. ನಿಲ್ಲಿಸಿದ್ದಕ್ಕೆ ಟೀಕೆಗಳೂ ಬಂದವು, ಕಾದು ಕುಳಿತ ಕುಟುಂಬದ ಸಂಕಟವೂ ಕಣ್ಣೆದುರಿಗಿತ್ತು. ಕೊನೆಗೆ ಮಳೆ ಇಳಿದ ಮೇಲೆ, ಗೋವಾದಿಂದ ಹೂಳೆತ್ತುವ ಯಂತ್ರ ತರಿಸಿ, ಸೆಪ್ಟೆಂಬರ್ 25ರಂದು ಲಾರಿಯನ್ನೂ ಅದರೊಳಗಿದ್ದ ಚಾಲಕನ ದೇಹವನ್ನೂ ಹೊರತೆಗೆಯಲಾಯಿತು. 70ಕ್ಕೂ ಹೆಚ್ಚು ದಿನಗಳ ಆ ಕಾಯುವಿಕೆ ದುಃಸಹವಾಗಿತ್ತು. ಆದರೆ ಜುಲೈ ತಿಂಗಳ ರಭಸದಲ್ಲಿ ಇನ್ನೂ ನಾಲ್ಕು ಜನರನ್ನು ನೀರಿಗಿಳಿಸಿದ್ದರೆ ಕಾಯುವ ಕುಟುಂಬಗಳ ಸಂಖ್ಯೆ ಹೆಚ್ಚುತ್ತಿತ್ತೇ ವಿನಾ ಕಾಯುವಿಕೆ ಕಡಿಮೆಯಾಗುತ್ತಿರಲಿಲ್ಲ. ಬೇಡವೆಂದು ಹೇಳಲು ಬೇಕಾದ ಜ್ಞಾನ ಮತ್ತು ಅಧಿಕಾರ ಎರಡೂ ಅಂದು ದಡದಲ್ಲಿದ್ದವು ಎಂಬುದೇ ಗಂಗಾವಳಿಯ ಪಾಠ.

ನಿಂತ ನೀರು ಸುರಕ್ಷಿತವೆಂದು ಇದರಿಂದ ತಿಳಿಯಬಾರದು. 2016ರ ನವೆಂಬರ್ 7ರಂದು ಬೆಂಗಳೂರಿನ ಬಳಿಯ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಚಲನಚಿತ್ರವೊಂದರ ಚಿತ್ರೀಕರಣದ ವೇಳೆ ಹೆಲಿಕಾಪ್ಟರಿನಿಂದ ಜಿಗಿದ ಇಬ್ಬರು ನಟರು ಮುಳುಗಿ ಸತ್ತರು. ಅಲ್ಲಿ ಸೆಳವಿರಲಿಲ್ಲ, ಆದರೂ ದೇಹಗಳನ್ನು ಹುಡುಕಿ ತೆಗೆಯಲು ದಿನಗಳೇ ಹಿಡಿದವು. ಹೂಳು ತುಂಬಿದ, ಕಣ್ಣಿಗೆ ಕೈ ಕಾಣದ ನಿಂತ ನೀರೇ ಅಷ್ಟು ಕಾಡುವುದಾದರೆ, ಅದೇ ನೀರಿಗೆ ವೇಗವೂ ಸೇರಿದಾಗ ಏನಾಗಬಹುದೆಂಬುದನ್ನು ಊಹಿಸಬಹುದು.

ಜಿಲ್ಲೆಯ ನೀರು, ನಾಲ್ಕು ಬಗೆ

ಚಿತ್ರದುರ್ಗ ಜಿಲ್ಲೆಯಲ್ಲಿ ಈ ಪ್ರಶ್ನೆ ತಾಲ್ಲೂಕಿನಿಂದ ತಾಲ್ಲೂಕಿಗೆ ಬೇರೆ ರೂಪ ತಾಳುತ್ತದೆ. ಹಿರಿಯೂರಿನದು ಕೋಡಿಯ ಸಮಸ್ಯೆ. ವಾಣಿವಿಲಾಸ ಸಾಗರ ತುಂಬಿದಾಗ ಹೆಚ್ಚುವರಿ ನೀರು ಕೋಡಿಯ ಮೇಲಿನಿಂದ ತಾನಾಗಿಯೇ ಹರಿದುಹೋಗುತ್ತದೆ. ಗೇಟು ಇಳಿಸಿ ಒಂದೆರಡು ತಾಸು ಹರಿವನ್ನು ನಿಲ್ಲಿಸಿ, ಆ ಬಿಡುವಿನಲ್ಲಿ ಶೋಧ ನಡೆಸುವ ಅನುಕೂಲ ಇಲ್ಲಿಲ್ಲ. ಜಲಾಶಯಕ್ಕೆ ಒಳಹರಿವು ಇರುವಷ್ಟು ಕಾಲ ಕೆಳಗಿನ ಹರಿವೂ ಇದ್ದೇ ಇರುತ್ತದೆ. ಕೋಡಿ ನೋಡಲು ಬರುವ ಜನಜಂಗುಳಿ, ಕೈಯಲ್ಲಿ ಮೊಬೈಲು, ಪಾಚಿ ಕಟ್ಟಿದ ಬಂಡೆ ಇವಿಷ್ಟು ಸೇರಿದರೆ ಅವಘಡಕ್ಕೆ ಬೇರೆ ಕಾರಣ ಬೇಕಿಲ್ಲ.

ಕೋಡಿಯ ಕೆಳಗೆ ವೇದಾವತಿಯ ಪಾತ್ರದಲ್ಲಿ ಅಡ್ಡ ಒಡ್ಡುಗಳಿವೆ. ಅಂತರ್ಜಲ ಹೆಚ್ಚಿಸಲೆಂದು ಕಟ್ಟಿದ ಇಂಥ ಗಿಡ್ಡ ಒಡ್ಡುಗಳು ಬೇಸಿಗೆಯಲ್ಲಿ ನಿರುಪದ್ರವಿಗಳು. ಆದರೆ ನೀರು ಅವುಗಳ ಮೇಲೆ ಸಮನಾಗಿ ಹಾಯ್ದು ಕೆಳಕ್ಕೆ ಧುಮುಕುವಾಗ, ಬಿದ್ದ ನೀರು ತಳ ಮುಟ್ಟಿ ಮೇಲೆದ್ದು ಹಿಂದಕ್ಕೆ, ಒಡ್ಡಿನ ಕಡೆಗೇ ತಿರುಗುತ್ತದೆ. ಅಲ್ಲಿ ಸಿಕ್ಕಿದ ಮನುಷ್ಯ ಗಾಣದೊಳಗೆ ಸಿಕ್ಕಂತೆ ಮತ್ತೆ ಮತ್ತೆ ಒಳಗೆಳೆಯಲ್ಪಡುತ್ತಾನೆ. ಪಾಶ್ಚಾತ್ಯ ದೇಶಗಳ ರಕ್ಷಣಾ ಸಿಬ್ಬಂದಿ ಇದನ್ನು ಮುಳುಗಿಸುವ ಯಂತ್ರವೆಂದೇ ಕರೆಯುತ್ತಾರೆ. ಮೇಲಿನಿಂದ ನೋಡಿದರೆ ಮೊಣಕಾಲುದ್ದದ ಧುಮುಕು, ಅಷ್ಟೇ. ಅಲ್ಲಿ ಸಿಕ್ಕಿಬಿದ್ದವನನ್ನು ಎಳೆಯಲು ಇಳಿದ ಎರಡನೆಯವನೂ ಸಾಯುವುದು ಜಗತ್ತಿನಾದ್ಯಂತ ಮರುಕಳಿಸುತ್ತಿರುವ ದುರಂತ.

ಹೊಸದುರ್ಗದ್ದು ಹಿನ್ನೀರಿನ ಕಥೆ. ಜಲಾಶಯ 130 ಅಡಿ ಮುಟ್ಟಿದಾಗ ಆ ತಾಲ್ಲೂಕಿನ ಹಿನ್ನೀರು ಪ್ರದೇಶದ ಜಮೀನು, ತೋಟ, ರಸ್ತೆಗಳು ಜಲಾವೃತವಾಗುವ ದೂರು ಈ ವರ್ಷಗಳಲ್ಲಿ ಕೇಳಿಬಂದಿದೆ. ನಿನ್ನೆಯವರೆಗೆ ಬಯಲಾಗಿದ್ದ ನೆಲ ಇಂದು ನೀರಿನಡಿಯಲ್ಲಿದ್ದರೆ ಅದರೊಳಗೆ ಬೇಲಿಯ ತಂತಿ, ಮುಳ್ಳುಮರ, ತೆರೆದ ಬಾವಿ ಎಲ್ಲವೂ ಇರುತ್ತವೆ. ಮೇಲ್ನೋಟಕ್ಕೆ ಶಾಂತವಾಗಿ ಕಾಣುವ ಇಂಥ ನೀರಿನಲ್ಲಿ ಮುಳುಗುವವನ ಶತ್ರು ಸಿಕ್ಕಿಕೊಳ್ಳುವಿಕೆ. ಇದರ ಜೊತೆಗೆ ಮೇಲಿನಿಂದ ವೇದಾವತಿ ಬಂದು ಸೇರುವಲ್ಲಿ ಹರಿವೂ ಇದೆ. ಭದ್ರಾ ಮೇಲ್ದಂಡೆ ಯೋಜನೆಯಡಿ ಭದ್ರಾ ಜಲಾಶಯದಿಂದ ಎತ್ತಿದ ನೀರನ್ನು ಅಜ್ಜಂಪುರದ ಸುರಂಗ ಮಾರ್ಗವಾಗಿ ಇತ್ತ ಹರಿಸಲು ಆರಂಭಿಸಿದ ಮೇಲೆ, ಮಳೆಯಿಲ್ಲದ ದಿನಗಳಲ್ಲಿಯೂ ಒಣ ಹಳ್ಳದಲ್ಲಿ ನೀರು ಬರಬಹುದೆಂಬ ಹೊಸ ವಾಸ್ತವಕ್ಕೆ ಜನ ಒಗ್ಗಿಕೊಳ್ಳಬೇಕಾಗಿದೆ.

ಹೊಳಲ್ಕೆರೆ ಸೀಮೆಯಲ್ಲಿ ದೊಡ್ಡ ನದಿಯಿಲ್ಲ. ಅಲ್ಲಿರುವುದು ಕೆರೆಗಳು, ಕೆರೆಯಿಂದ ಕೆರೆಗೆ ನೀರು ಸಾಗಿಸುವ ಹಳ್ಳಗಳು. ಬಿರುಮಳೆ ಬಂದ ರಾತ್ರಿ ಈ ಹಳ್ಳಗಳು ತಗ್ಗಿನ ಸೇತುವೆಗಳ ಮೇಲೆ ಹಾಯುತ್ತವೆ. ಆರಂಗುಲ ಆಳದ ರಭಸದ ನೀರು ವಯಸ್ಕನೊಬ್ಬನ ಕಾಲು ತಪ್ಪಿಸಬಲ್ಲದು, ಒಂದಡಿ ನೀರು ಸಾಮಾನ್ಯ ಕಾರನ್ನು ಕೊಚ್ಚಿಕೊಂಡು ಹೋಗಬಲ್ಲದು ಎಂಬುದು ಅಮೆರಿಕದ ಹವಾಮಾನ ಇಲಾಖೆ ವರ್ಷಗಳಿಂದ ನೀಡುತ್ತಿರುವ ಎಚ್ಚರಿಕೆ. ದಿನನಿತ್ಯ ಓಡಾಡುವ ದಾರಿಯೆಂಬ ಸಲುಗೆಯೇ ಇಲ್ಲಿ ಅಪಾಯಕಾರಿ. ಇಂಥ ಕಡೆ ಸ್ಕೂಬಾ ಪರಿಣತಿ ಏನೂ ಉಪಯೋಗಕ್ಕೆ ಬಾರದು. ಬೇಕಾದುದು ಎಸೆಯುವ ಹಗ್ಗ, ಜೀವರಕ್ಷಕ ಕವಚ ಮತ್ತು ರಸ್ತೆಗೆ ಅಡ್ಡಲಾಗಿ ನಿಲ್ಲುವ ಒಬ್ಬ ಪೊಲೀಸ್ ಸಿಬ್ಬಂದಿ.

ಇನ್ನು ಚಿತ್ರದುರ್ಗ ನಗರ. ಕೋಟೆಯ ಹೊಂಡಗಳು, ಚಂದ್ರವಳ್ಳಿಯ ಕೆರೆ, ಸುತ್ತಲಿನ ತೋಟದ ಬಾವಿಗಳು ಇಲ್ಲಿನ ಈಜುಗಾರರ ಪಾಠಶಾಲೆ. ಪಾತಾಳಗರಡಿ ಬಿಟ್ಟು ಬಾವಿಯ ತಳ ತಡಕುವುದರಿಂದ ಹಿಡಿದು, ಉಸಿರು ಕಟ್ಟಿ ಇಳಿದು ಹಗ್ಗ ಬಿಗಿಯುವವರೆಗೆ ಅವರ ಕೌಶಲ ಅಸಾಧಾರಣವಾದದ್ದು. ಜಿಲ್ಲಾಡಳಿತದ ಕೇಂದ್ರವೂ ಇದೇ ಆದುದರಿಂದ ಹಿರಿಯೂರಿನಲ್ಲಿ ಅವಘಡವಾದರೂ ಹೊಸದುರ್ಗದಲ್ಲಿ ಅವಘಡವಾದರೂ ನೆರವಿಗಾಗಿ ಕೂಗು ಬರುವುದು ಇಲ್ಲಿಗೇ. ಹೊಂಡದಲ್ಲಿ ಪಳಗಿದ ಕೌಶಲವನ್ನು ಸೆಳವಿಗೆ ಕಳುಹಿಸುವ ನಿರ್ಧಾರ ಆಗುವುದೂ ಇಲ್ಲಿಯೇ.

ಎತ್ತರವೂ ಒಂದು ಲೆಕ್ಕ

ಸೆಳವಿನ ಜೊತೆಗೆ ಈ ಜಿಲ್ಲೆಯ ನೀರಿಗೆ ಇನ್ನೊಂದು ವಿಶೇಷವಿದೆ. ಸ್ಕೂಬಾ ಮುಳುಗಿನ ಕೋಷ್ಟಕಗಳು ಸಮುದ್ರಮಟ್ಟದ ಗಾಳಿಯೊತ್ತಡವನ್ನು ಆಧರಿಸಿ ರಚಿತವಾದವು. ಸಮುದ್ರಮಟ್ಟದಿಂದ 300 ಮೀಟರಿಗಿಂತ ಎತ್ತರದಲ್ಲಿ ಮುಳುಗುವುದನ್ನು ಎತ್ತರದ ಮುಳುಗು ಎಂದು ಪ್ರತ್ಯೇಕವಾಗಿ ಪರಿಗಣಿಸಲಾಗುತ್ತದೆ. ಹಿರಿಯೂರು ಸೀಮೆ 600 ಮೀಟರಿಗಿಂತ ಎತ್ತರದಲ್ಲಿದೆ, ಚಿತ್ರದುರ್ಗ 700 ಮೀಟರ್ ದಾಟಿದೆ. ಹಾಗಾಗಿ ಕಡಲಿನಲ್ಲಿ ಕಲಿತ ಮುಳುಗುಗಾರ ಇಲ್ಲಿಗೆ ಬಂದರೆ ತನ್ನ ಸಮಯದ ಲೆಕ್ಕವನ್ನು ಬದಲಿಸಿಕೊಳ್ಳಬೇಕಾಗುತ್ತದೆ. ಇಲ್ಲವಾದರೆ ಮೇಲೆ ಬಂದ ಮೇಲೆ ರಕ್ತದಲ್ಲಿ ಸಾರಜನಕದ ಗುಳ್ಳೆಗಳು ಉಂಟಾಗುವ ಅಪಾಯ ಹೆಚ್ಚು.

ಆಳದ ಮಿತಿಯೂ ಇಲ್ಲಿ ಗಮನಾರ್ಹ. ಹವ್ಯಾಸಿ ಸ್ಕೂಬಾದ ಮೊದಲ ಹಂತದ ಪ್ರಮಾಣಪತ್ರ ಅನುಮತಿಸುವುದು 18 ಮೀಟರ್, ಎಂದರೆ ಸುಮಾರು 60 ಅಡಿ. ಹವ್ಯಾಸಿಗಳಿಗೆ ಒಪ್ಪಿತವಾದ ಕಟ್ಟಕಡೆಯ ಮಿತಿ 40 ಮೀಟರ್. ವಾಣಿವಿಲಾಸ ಸಾಗರದ ಪೂರ್ಣ ಮಟ್ಟವಾದ 130 ಅಡಿ ಎಂದರೆ ಹೆಚ್ಚುಕಡಿಮೆ ಅಷ್ಟೇ ಮೀಟರು. ನೇತ್ರಾಣಿಯಲ್ಲಿ ಮೀನು ನೋಡಿ ಬಂದ ಉತ್ಸಾಹಿಯನ್ನು ಅಣೆಕಟ್ಟೆಯ ಬುಡದಲ್ಲಿ ಶೋಧಕ್ಕೆ ಇಳಿಸುವುದು ಎಂಥ ದುಸ್ಸಾಹಸ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಆಗಬೇಕಾದುದೇನು?

ಸ್ಥಳೀಯ ಈಜುಗಾರರನ್ನು ದೂರವಿಡಬೇಕೆಂಬುದು ಈ ವಾದದ ಅರ್ಥವಲ್ಲ. ಯಾವ ಮಡುವಿನಲ್ಲಿ ಬಂಡೆಯಿದೆ, ಯಾವ ತಿರುವಿನಲ್ಲಿ ನೀರು ಹೆಣವನ್ನು ದಡಕ್ಕೆ ತಂದು ಹಾಕುತ್ತದೆ ಎಂಬುದು ಅವರಿಗೆ ಗೊತ್ತಿರುವಷ್ಟು ಹೊರಗಿನ ಯಾವ ಪ್ರಮಾಣಪತ್ರಧಾರಿಗೂ ಗೊತ್ತಿರಲಾರದು. ರಕ್ಷಣೆಯ ಮೊದಲ ಹತ್ತು ನಿಮಿಷಗಳಲ್ಲಿ ಸ್ಥಳದಲ್ಲಿರುವವರೂ ಅವರೇ. ಅವರ ಅನುಭವಕ್ಕೆ ತರಬೇತಿಯ ಬೆಂಬಲ ದೊರೆಯಬೇಕೆಂಬುದಷ್ಟೇ ಇಲ್ಲಿನ ಆಗ್ರಹ.

ಖರ್ಚಿನ ಮಾತು ಬರುವುದು ಸಹಜ. ಆದರೆ ಹರಿಯುವ ನೀರಿನ ರಕ್ಷಣೆಯ ಬಹುಭಾಗಕ್ಕೆ ಸ್ಕೂಬಾ ಬೇಕಾಗಿಯೇ ಇಲ್ಲ. ಜಗತ್ತಿನೆಲ್ಲೆಡೆ ಕಲಿಸುವ ಕ್ರಮ ಇದು: ಮೊದಲು ಕೋಲು ಚಾಚು, ಆಗದಿದ್ದರೆ ಹಗ್ಗ ಎಸೆ, ಅದೂ ಆಗದಿದ್ದರೆ ದೋಣಿ ಒಯ್ಯಿ, ಇವೆಲ್ಲ ವಿಫಲವಾದಾಗ ಮಾತ್ರ ನೀರಿಗಿಳಿ. ನಮ್ಮಲ್ಲಿ ಕೊನೆಯದೇ ಮೊದಲಾಗುತ್ತಿದೆ. ಕೋಡಿ, ಕಾಲುವೆ, ಬ್ಯಾರೇಜುಗಳ ಬಳಿ ಎಸೆಯುವ ಹಗ್ಗದ ಚೀಲಗಳನ್ನೂ ಜೀವರಕ್ಷಕ ಕವಚಗಳನ್ನೂ ಇಡಲು ಕೋಟಿಗಟ್ಟಲೆ ಹಣ ಬೇಕಿಲ್ಲ. ಕಾಂಕ್ರೀಟ್ ಕಾಲುವೆಗಳ ಇಳಿಜಾರು ಗೋಡೆಗಳಲ್ಲಿ ಅಲ್ಲಲ್ಲಿ ಹಿಡಿದು ಹತ್ತುವ ಮೆಟ್ಟಿಲು, ಅಡ್ಡಲಾಗಿ ಒಂದು ಹಗ್ಗ ಇದ್ದರೆ ಬಿದ್ದವನು ತಾನಾಗಿಯೇ ಬದುಕಿ ಬರುವ ಸಾಧ್ಯತೆಯಿದೆ.

ಸೆಳವನ್ನು ಅಳೆಯುವುದಕ್ಕೂ ಯಂತ್ರ ಬೇಕಿಲ್ಲ. ದಡದ ಮೇಲೆ 10 ಮೀಟರು ಅಳೆದು ಎರಡು ಗೂಟ ನೆಟ್ಟು, ತೆಂಗಿನ ಮಟ್ಟೆಯ ಚೂರೊಂದನ್ನು ನೀರಿಗೆ ಎಸೆದು, ಅದು ಆ ದೂರ ಸಾಗಲು ತೆಗೆದುಕೊಂಡ ಸಮಯ ನೋಡಿದರಾಯಿತು. 20 ಸೆಕೆಂಡು ಹಿಡಿದರೆ ಹರಿವು ಸುಮಾರು ಒಂದು ನಾಟ್. ಅದಕ್ಕಿಂತ ಬೇಗ ಸಾಗಿತೆಂದರೆ ಸೆಳವಿನ ತರಬೇತಿಯಿಲ್ಲದ ಯಾರನ್ನೂ ಇಳಿಸಬಾರದು. ನಾಲ್ಕೇ ಸೆಕೆಂಡಿನಲ್ಲಿ ಸಾಗಿದರೆ ಅದು ಗಂಗಾವಳಿಯ ವೇಗ, ಅಲ್ಲಿ ತರಬೇತಿ ಪಡೆದವನೂ ದಡದಲ್ಲಿಯೇ ನಿಲ್ಲಬೇಕು. ಮೇಲ್ಮೈಯ ವೇಗವೂ ತಳದ ವೇಗವೂ ಒಂದೇ ಆಗಿರಬೇಕೆಂದಿಲ್ಲ. ಆದರೂ ಕಣ್ಣಳತೆಯ ಭಂಡಧೈರ್ಯಕ್ಕಿಂತ ಈ ಮಟ್ಟೆಯ ಲೆಕ್ಕ ಎಷ್ಟೋ ಮೇಲು.

ಮುಂದಿನದು ಪಟ್ಟಿ ಮತ್ತು ಹೊಣೆ. ಜಿಲ್ಲೆಯಲ್ಲಿ ಯಾರು ಯಾವ ಬಗೆಯ ನೀರಿನಲ್ಲಿ ಇಳಿಯಬಲ್ಲರು ಎಂಬ ಪಟ್ಟಿ ತಾಲ್ಲೂಕುವಾರು ಸಿದ್ಧವಾಗಬೇಕು. ಬಾವಿ, ಕೆರೆ, ಸೆಳವು, ಆಳ ಎಂದು ಅದರಲ್ಲಿ ಪ್ರತ್ಯೇಕ ಅಂಕಣಗಳಿರಬೇಕು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಆಪದ ಮಿತ್ರ ಯೋಜನೆ ಸಮುದಾಯದ ಸ್ವಯಂಸೇವಕರಿಗೆ ಪ್ರವಾಹ ರಕ್ಷಣೆಯ ತರಬೇತಿ ನೀಡುವ ಉದ್ದೇಶದಿಂದಲೇ ರೂಪುಗೊಂಡದ್ದು. ಗೋವಾದಲ್ಲಿ ಜಲಕ್ರೀಡೆಗಳ ರಾಷ್ಟ್ರೀಯ ಸಂಸ್ಥೆಯಿದೆ. ರಾಜ್ಯದಲ್ಲಿಯೇ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿಯಿದೆ. ಕಲಿಸುವವರ ಕೊರತೆ ನೆಪವಾಗಬಾರದು. ಕರೆದಾಗಲೆಲ್ಲ ಬಂದು ನೀರಿಗಿಳಿಯುವ ಈಜುಗಾರನಿಗೆ ವಿಮೆಯ ರಕ್ಷಣೆ ಇರುವುದೂ ಅಷ್ಟೇ ಮುಖ್ಯ. ಅವನ ಮನೆಯಲ್ಲಿಯೂ ಕಾಯುವವರಿದ್ದಾರೆ.

ಎಲ್ಲಕ್ಕಿಂತ ಕಠಿಣವಾದದ್ದು ಬೇಡ ಎನ್ನುವ ಅಧಿಕಾರ. ಮಗನನ್ನು ಕಳೆದುಕೊಂಡ ತಾಯಿ ದಡದಲ್ಲಿ ಗೋಳಾಡುತ್ತಿರುವಾಗ, ಸುತ್ತ ನೂರಾರು ಜನ ನೆರೆದಿರುವಾಗ, ಜನಪ್ರತಿನಿಧಿಗಳ ದೂರವಾಣಿ ಕರೆ ಬರುತ್ತಿರುವಾಗ, ಇಂದು ಇಳಿಯುವುದು ಬೇಡ ಎಂದು ಹೇಳುವುದು ಯಾವ ತಹಶೀಲ್ದಾರನಿಗೂ ಸುಲಭವಲ್ಲ. ಆಗ ಜನರ ನಡುವಿನಿಂದಲೇ ಒಬ್ಬ ಯುವಕ ಅಂಗಿ ಕಳಚಿ ಮುಂದೆ ಬರುತ್ತಾನೆ. ಅವನನ್ನು ತಡೆಯಲು ಕರುಣೆಯಿಲ್ಲದವನೆಂಬ ಅಪವಾದ ಹೊರಬೇಕಾಗುತ್ತದೆ. ಲಿಖಿತವಾದ ನಿಯಮವೊಂದಿದ್ದರೆ ಆ ಅಪವಾದವನ್ನು ನಿಯಮ ಹೊರುತ್ತದೆ, ಅಧಿಕಾರಿಯ ಕೈ ಬಲಗೊಳ್ಳುತ್ತದೆ. ಜೀವಂತವಾಗಿರುವವರನ್ನು ರಕ್ಷಿಸುವ ತುರ್ತಿಗೂ ಮೃತದೇಹವನ್ನು ಹೊರತೆಗೆಯುವ ಕರ್ತವ್ಯಕ್ಕೂ ನಡುವಿನ ವ್ಯತ್ಯಾಸವನ್ನು ಆ ನಿಯಮ ಸ್ಪಷ್ಟವಾಗಿ ಹೇಳಬೇಕು. ಮೊದಲನೆಯದಕ್ಕಾಗಿ ಒಂದಿಷ್ಟು ಅಪಾಯ ಎದುರಿಸಬಹುದು. ಎರಡನೆಯದಕ್ಕಾಗಿ ಮತ್ತೊಂದು ಜೀವವನ್ನು ಪಣಕ್ಕಿಡಲಾಗದು.

ಆದ್ದರಿಂದ ಡ್ರಿಫ್ಟ್ ಡೈವಿಂಗ್‌ಗೆ ಪ್ರತ್ಯೇಕ ತರಬೇತಿ ಬೇಕೇ ಎಂಬ ಪ್ರಶ್ನೆಗೆ ಕಡಲಿನಲ್ಲಿ ಸಂದರ್ಭಾನುಸಾರ ಬೇರೆ ಬೇರೆ ಉತ್ತರ ನೀಡಬಹುದಾದರೂ, ನದಿ ಕಾಲುವೆಗಳಲ್ಲಿ ಬೇಕು ಎಂಬ ಒಂದೇ ಉತ್ತರವಿದೆ. ವಾಣಿವಿಲಾಸ ಸಾಗರ 89 ವರ್ಷಗಳ ಮೌನ ಮುರಿದ ಮೇಲೆ ಎರಡೂವರೆ ವರ್ಷ ತುಂಬುವ ಮೊದಲೇ ಮತ್ತೊಮ್ಮೆ ಕೋಡಿ ಬಿದ್ದಿದೆ. ಮುಂದಿನ ಸಲ ಬಾಗಿನ ಅರ್ಪಿಸುವ ಸಿದ್ಧತೆಯ ಜೊತೆಗೆ ಕೋಡಿಯ ದಡದಲ್ಲಿ ನಾಲ್ಕು ಹಗ್ಗ, ಹತ್ತು ಜೀವರಕ್ಷಕ ಕವಚ ಮತ್ತು ಸೆಳವಿನ ಪಾಠ ಕಲಿತ ಒಂದು ತಂಡ ಇರುವಂತೆ ಜಿಲ್ಲಾಡಳಿತ ನೋಡಿಕೊಳ್ಳಲಿ. ನೀರು ಬರುವುದಕ್ಕೆ ಮುನ್ನ ಮಾಡಬೇಕಾದ ಕೆಲಸವಿದು.